ಪಾಪರ್ ಚೀಟಿ ಮತ್ತು ನಮ್ಮ ತೋಟ-ಮನೆ: ಸದಸ್ಯರಿಗೊಂದು ಕಾನೂನು ಪಾಠ

ಈಚಿನ ವರ್ಷಗಳಲ್ಲಿ ಕೊಳೆ ರೋಗ, ಅದರ ಬೆನ್ನಿಗೇ ಎಲೆಚುಕ್ಕೆ ರೋಗ ಸೇರಿ ಸೋಂದಾ ಸೀಮೆಯ ಹಲವು ತೋಟಗಳಲ್ಲಿ ಫಸಲು ಇಳಿದಿದೆ. ಫಸಲು ಇಳಿದಾಗ ಸಾಲದ ಮಾತು ಬರುತ್ತದೆ. ಸಾಲದ ಮಾತು ಮುಂದುವರಿದು ಒಂದು ಹಂತಕ್ಕೆ ಬಂದಾಗ ‘ಪಾಪರ್ ಚೀಟಿ’ಯ ಮಾತು ಬರುತ್ತದೆ. ಸಂಘದ ಕಚೇರಿಯಲ್ಲಿ ಸದಸ್ಯರು ನಮ್ಮನ್ನು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇವೇ: ಪಾಪರ್ ಆದರೆ ತೋಟ ಉಳಿಯುತ್ತದೆಯೇ? ಅದಕ್ಕೆ ಮೊದಲೇ ಹೆಂಡತಿಯ ಹೆಸರಿಗೆ ಮಾಡಿಟ್ಟರೆ ಆಗದೇ? ಶಿರಸಿಯಲ್ಲಿರುವ ಬಾಡಿಗೆ ಮನೆಯ ಗತಿ ಏನು? ಜಾಮೀನು ಹಾಕಿದವರಿಗೆ ತೊಂದರೆಯೇ?

ಇವುಗಳಿಗೆ ಊರಿನಲ್ಲಿ ಸಿಗುವ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು. ತಪ್ಪು ಉತ್ತರವನ್ನು ನಂಬಿ ನೋಂದಣಿ ಕಚೇರಿಗೆ ಹೋದರೆ ಕೈಲಿದ್ದ ದಾರಿಯೂ ಮುಚ್ಚುವುದುಂಟು. ಆದ್ದರಿಂದ ಈ ಸಲದ ಪಾಠಕ್ಕೆ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಹತ್ತಿರ ಹೋದಾಗ ಏನು ಕೇಳಬೇಕು ಎಂಬುದು ತಿಳಿದಿರಲಿ ಎಂಬಷ್ಟೇ ಉದ್ದೇಶ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ‘ಪಾಪರ್’ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದಲ್ಲಿದ್ದ ಮಾತು. ಕೋರ್ಟ್ ಫೀ ಕಟ್ಟಲು ಗತಿಯಿಲ್ಲದವನು ಫೀ ಇಲ್ಲದೆ ದಾವೆ ಹೂಡಲು ಪಡೆಯುವ ಅನುಮತಿಗೆ ಸಂಬಂಧಿಸಿದ್ದು. 1976ರ ತಿದ್ದುಪಡಿಯಲ್ಲಿ ಆ ಶಬ್ದವನ್ನೇ ತೆಗೆದು ‘ನಿರ್ಗತಿಕ’ ಎಂಬ ಅರ್ಥದ ಶಬ್ದವನ್ನು ಹಾಕಿದರು. ಸಾಲ ತೀರಿಸಲಾಗದೆ ಕೋರ್ಟಿಗೆ ಹೋಗುವುದು ಬೇರೆಯದೇ ವಿಷಯ. ಅದಕ್ಕೆ ಹಳೆಯ ಮುಂಬಯಿ ಆಡಳಿತದ ಕಾಗದಪತ್ರಗಳಲ್ಲಿ ‘ನಾದಾರಿ’ ಎಂದೂ, ಈಗ ‘ದಿವಾಳಿ’ ಎಂದೂ ಹೆಸರು. ಜನರ ಬಾಯಲ್ಲಿ ಎರಡೂ ಸೇರಿ ಪಾಪರ್ ಚೀಟಿ ಆಗಿದೆ. ಚೀಟಿ ಎನ್ನುವುದರಿಂದ, ಒಂದು ಕಾಗದ ಸಿಕ್ಕಿಬಿಟ್ಟರೆ ಸಾಲವೆಲ್ಲ ಹಾರಿಹೋಯಿತು ಎಂಬ ಭಾವನೆ ಬೇರೆ. ಹಾಗೆ ಯಾವ ಚೀಟಿಯೂ ಇಲ್ಲ.

ಯಾವ ಕಾಯಿದೆ?

ನಮ್ಮಂಥ ಸಾಮಾನ್ಯ ವ್ಯಕ್ತಿಗಳಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ. ಸೋಂದಾ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳು 1956ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಮುಂಬಯಿ ಪಟ್ಟಣಕ್ಕೆ 1909ರ ಬೇರೆ ಕಾಯಿದೆ, ಹೊರಗಿನ ಜಿಲ್ಲೆಗಳಿಗೆ ಈ 1920ರ ಕಾಯಿದೆ. 2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆಯನ್ನು ಮಾಡಿತು. ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಮೂರನೆಯ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಮಿಕ್ಕವರಿಗೆ ಹಳೆಯದೇ ಗತಿ. ಮಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆದು, ಬ್ಯಾಂಕಿನ ಕಾಗದಕ್ಕೆ ತಂದೆ ಇಲ್ಲಿಂದ ಹೋಗಿ ಸಹಿ ಹಾಕಿ ಬಂದಿದ್ದರೆ ಅಂಥವರು ಮಾತ್ರ ಹೊಸ ಸಂಹಿತೆಯ ಕೈಗೆ ಬೀಳುತ್ತಾರೆ. ಆ ಸಹಿಯನ್ನು ‘ಸುಮ್ಮನೆ ಸಾಕ್ಷಿಗೆ’ ಎಂದು ತಿಳಿದವರು ನಮ್ಮಲ್ಲಿ ಇದ್ದಾರೆ. ಒಮ್ಮೆ ಆ ಕಾಗದವನ್ನು ತೆಗೆದು ಓದಿ ನೋಡುವುದು ಒಳ್ಳೆಯದು.

ಹಳೆಯ ಕಾಯಿದೆಯ ಹಳತನ ಅದರ ಅಂಕೆಗಳಲ್ಲೇ ಕಾಣುತ್ತದೆ. ಸಾಲ 500 ರೂಪಾಯಿ ಆಗಿದ್ದರೆ ಸಾಕು, ಸಾಲಗಾರನೇ ಅರ್ಜಿ ಹಾಕಬಹುದು, ಸಾಲ ಕೊಟ್ಟವನೂ ಹಾಕಬಹುದು. 1920ರ 500 ರೂಪಾಯಿಗೆ ತೋಟವೇ ಬರುತ್ತಿದ್ದಿರಬಹುದು. ಇಂದು ಒಂದು ದಿನದ ಕೊನೆಗೌಡನ ಸಂಬಳಕ್ಕೂ ಸಾಲದು. ಅರ್ಜಿಯನ್ನು ಜಿಲ್ಲಾ ನ್ಯಾಯಾಲಯ ಅಥವಾ ಸರಕಾರ ಆ ಅಧಿಕಾರ ಕೊಟ್ಟಿರುವ ಕೆಳಗಿನ ಸಿವಿಲ್ ನ್ಯಾಯಾಲಯ ಕೇಳುತ್ತದೆ. ಸಾಲಗಾರ ತನ್ನ ಆಸ್ತಿ, ಸಾಲ, ಸಾಲ ಕೊಟ್ಟವರ ಹೆಸರು ಎಲ್ಲವನ್ನೂ ಬರೆದು ಕೊಡಬೇಕು. ಸಾಲ ತೀರಿಸುವ ಶಕ್ತಿ ಇಲ್ಲ ಎಂಬುದು ಮೇಲ್ನೋಟಕ್ಕಾದರೂ ಕೋರ್ಟಿಗೆ ಕಾಣಬೇಕು.

ಹುಕುಮಾದ ದಿನ ಏನಾಗುತ್ತದೆ?

ದಿವಾಳಿ ಎಂದು ಕೋರ್ಟು ಹುಕುಂ ಮಾಡಿದೊಡನೆ ಆ ವ್ಯಕ್ತಿಯ ಆಸ್ತಿಯೆಲ್ಲ ಕೋರ್ಟಿಗೆ, ಅಥವಾ ಕೋರ್ಟು ನೇಮಿಸಿದ ರಿಸೀವರನಿಗೆ ಸೇರುತ್ತದೆ. ಪಹಣಿಯಲ್ಲಿ ಹೆಸರು ಹಳೆಯದೇ ಇರಬಹುದು; ಮಾರುವ, ಅಡವಿಡುವ, ಬಾಡಿಗೆಗೆ ಕೊಡುವ ಅಧಿಕಾರ ಆ ಹೆಸರಿನವನಿಗೆ ಉಳಿಯುವುದಿಲ್ಲ. ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು: ಹುಕುಮಿನ ಪರಿಣಾಮ ಹುಕುಂ ಆದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಅರ್ಜಿ ಹಾಕಿ, ಹುಕುಮಾಗುವ ಮೊದಲು ಸಿಕ್ಕಷ್ಟಕ್ಕೆ ಮಾರಿಬಿಡೋಣ ಎನ್ನುವವರಿಗೆ ಇದು ತಿಳಿದಿರಬೇಕು.

ಇದಕ್ಕೆ ಪ್ರತಿಯಾಗಿ ಸಿಗುವ ಅನುಕೂಲವೆಂದರೆ, ಆಮೇಲೆ ಸಾಲ ಕೊಟ್ಟವರು ಒಬ್ಬೊಬ್ಬರಾಗಿ ದಾವೆ, ಜಪ್ತಿ ಎಂದು ಬರುವಂತಿಲ್ಲ. ಕೋರ್ಟಿನ ಅನುಮತಿಯಿಲ್ಲದೆ ಅವರು ಯಾವ ಕ್ರಮವನ್ನೂ ಹೂಡುವಂತಿಲ್ಲ. ಎಲ್ಲರೂ ರಿಸೀವರನ ಮುಂದೆ ತಮ್ಮ ಸಾಲವನ್ನು ಸಿದ್ಧಪಡಿಸಿ ಪಾಲು ಪಡೆಯಬೇಕು. ಡಿಕ್ರಿ ಸಾಲಕ್ಕಾಗಿ ಕೈದು ಮಾಡದಂತೆ ರಕ್ಷಣೆಯ ಹುಕುಮನ್ನೂ ಕೇಳಬಹುದು. ಕೈದಿನ ಹೆದರಿಕೆಗಾಗಿಯೇ ಯಾರೂ ಪಾಪರ್ ಆಗಬೇಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ: ಕೊಡಲು ಶಕ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸಿವಿಲ್ ಜೈಲಿಗೆ ಹಾಕಲಾಗದು ಎಂದು ಸುಪ್ರೀಂ ಕೋರ್ಟು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇದ್ದೂ ಕೊಡದವನ ಮಾತು ಬೇರೆ.

ಮನೆ ಉಳಿಯುತ್ತದೆ, ತೋಟ ಉಳಿಯುವುದಿಲ್ಲ

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಜಪ್ತಿಗೆ ಬಾರದ ಆಸ್ತಿ ದಿವಾಳಿಯಲ್ಲಿಯೂ ರಿಸೀವರನಿಗೆ ಹೋಗುವುದಿಲ್ಲ. ಇದು ಸಣ್ಣ ಬೆಳೆಗಾರನ ಪಾಲಿಗೆ ಈ ಇಡೀ ಕಾನೂನಿನಲ್ಲಿ ಅತಿ ಮುಖ್ಯವಾದ ಮಾತು. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಹೆಂಗಸರು ಧರ್ಮಾಚಾರದ ಪ್ರಕಾರ ಮೈಯಿಂದ ತೆಗೆಯಬಾರದ ಒಡವೆ ಇವು ಬಿಟ್ಟದ್ದೇ. ಕೃಷಿಕನಾದರೆ ಅವನ ಕೃಷಿ ಉಪಕರಣಗಳು, ಜೀವನೋಪಾಯಕ್ಕೆ ಬೇಕೆಂದು ಕೋರ್ಟಿಗೆ ತೋರಿದಷ್ಟು ದನಕರು, ಬಿತ್ತನೆಯ ಬೀಜ. ಅದಕ್ಕಿಂತ ದೊಡ್ಡದೆಂದರೆ ಕೃಷಿಕ ತಾನೇ ವಾಸಿಸುವ ಮನೆ, ಅದಕ್ಕೆ ಸೇರಿದ ಕಟ್ಟಡ, ಅದರ ನಿವೇಶನ ಮತ್ತು ಅನುಭೋಗಕ್ಕೆ ಅವಶ್ಯವಾದ ಹೊಂದಿದ ಜಾಗ. ಜೀವವಿಮೆಯ ಪಾಲಿಸಿಯ ಹಣವೂ ಜಪ್ತಿಗೆ ಬರುವುದಿಲ್ಲ.

ಇಲ್ಲಿ ‘ಕೃಷಿಕ’ ಎಂದರೆ ಯಾರು ಎಂಬುದಕ್ಕೆ 1976ರ ತಿದ್ದುಪಡಿಯಲ್ಲಿ ವಿವರಣೆ ಕೊಟ್ಟಿದ್ದಾರೆ: ಭೂಮಿಯನ್ನು ಸ್ವತಃ ಸಾಗುವಳಿ ಮಾಡುವವನು ಮತ್ತು ಮುಖ್ಯವಾಗಿ ಅದರ ಉತ್ಪನ್ನದಿಂದಲೇ ಜೀವಿಸುವವನು. ಸ್ವತಃ ಎಂದರೆ ತಾನೇ ಮರ ಹತ್ತಬೇಕೆಂದಿಲ್ಲ. ಮನೆಯವರ ದುಡಿಮೆಯಿಂದ, ಅಥವಾ ನಗದೋ ಕಾಳೋ ಕೊಟ್ಟು ಕೂಲಿ ಆಳುಗಳಿಂದ ಮಾಡಿಸಿದರೂ ಸ್ವಂತ ಸಾಗುವಳಿಯೇ. ಉತ್ಪನ್ನದ ಪಾಲು ಕೊಟ್ಟು ಮಾಡಿಸಿದರೆ ಅಲ್ಲ. ಹಾಗಾಗಿ ಕೂಲಿಯಾಳಿನಿಂದ ತೋಟ ಮಾಡುವ ನಮ್ಮ ಸದಸ್ಯರು ಈ ವಿವರಣೆಯೊಳಗೆ ಬರುತ್ತಾರೆ. ಶಿರಸಿಯ ಅಂಗಡಿಯ ಆದಾಯವೇ ಮುಖ್ಯವಾಗಿದ್ದು ತೋಟ ಮೇಲುಖರ್ಚಿಗೆ ಎಂಬವರಿಗೆ ಇದು ಕಷ್ಟ. ಇನ್ನೊಂದು ಒಳ್ಳೆಯ ಮಾತೂ ಆ ತಿದ್ದುಪಡಿಯಲ್ಲಿ ಇದೆ. ‘ನನಗೆ ಈ ರಿಯಾಯಿತಿ ಬೇಡ’ ಎಂದು ಸಾಲಪತ್ರದಲ್ಲಿ ಬರೆಯಿಸಿಕೊಂಡಿದ್ದರೂ ಅದು ಅನೂರ್ಜಿತ. ಕೈಗಡ ಕೊಡುವವರು ಅಚ್ಚು ಹಾಕಿಸಿದ ನಮೂನೆಗಳಲ್ಲಿ ಅಂಥ ಸಾಲು ಇದ್ದರೆ ಹೆದರಬೇಕಾಗಿಲ್ಲ.

ಆದರೆ ಆ ಮನೆಯನ್ನೇ ಅಡವಿಟ್ಟಿದ್ದರೆ? ಅಡವಿನ ಡಿಕ್ರಿಯಲ್ಲಿ ಮಾರಾಟವಾಗುವುದಕ್ಕೆ ಜಪ್ತಿಯೇ ಬೇಕಾಗಿಲ್ಲ. ಆದ್ದರಿಂದ ಈ ರಿಯಾಯಿತಿ ಅಲ್ಲಿ ಸಹಾಯಕ್ಕೆ ಬಾರದು. ವಾಸದ ಮನೆಯನ್ನು ಬೇರೆ ಸಾಲಕ್ಕೆ ಹೆಚ್ಚುವರಿ ಭದ್ರತೆಯಾಗಿ ಬರೆದುಕೊಡುವವರು ಕಾನೂನೇ ಕೊಟ್ಟಿದ್ದ ಕೋಟೆಯ ಬಾಗಿಲನ್ನು ಒಳಗಿನಿಂದ ತೆಗೆದುಕೊಟ್ಟಂತೆ.

ಬಾಗಾಯ್ತ ಜಮೀನಿಗೆ ಇಂಥ ಯಾವ ರಕ್ಷಣೆಯೂ ಇಲ್ಲ. ಅಡಿಕೆ ತೋಟ, ಅದರೊಳಗಿನ ಕಾಫಿ, ಕಾಳುಮೆಣಸು, ಏಲಕ್ಕಿ, ತರಿ ಗದ್ದೆ ಎಲ್ಲವೂ ರಿಸೀವರನಿಗೆ ಹೋಗತಕ್ಕದ್ದೇ. ಸೊಪ್ಪಿನ ಬೆಟ್ಟದ ವಿಷಯ ಮಾತ್ರ ಬೇರೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯ ವರೆಗೆ ಬಂದಿರುವ ಬೆಟ್ಟ ನಮ್ಮ ಮಾಲ್ಕಿಯಲ್ಲ, ಸರಕಾರಿ ಅರಣ್ಯದಲ್ಲಿ ತೋಟಕ್ಕಾಗಿ ಕೊಟ್ಟ ಸವಲತ್ತು. ತೋಟ ಯಾರಿಗೋ ಸವಲತ್ತು ಅವರಿಗೆ. ಬೆಟ್ಟವನ್ನು ಬೇರೆ ಮಾಡಿ ಮಾರಿ ಸಾಲ ತೀರಿಸುತ್ತೇವೆ ಎನ್ನುವ ಹಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನಿದ್ದರೆ 1978ರ ಕಾಯಿದೆಯ ನಿರ್ಬಂಧ ಕೋರ್ಟಿನ ಮೂಲಕ ಆಗುವ ಮಾರಾಟಕ್ಕೂ ಉಂಟು ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಬೋಜಾ ಇರುವ ಸಾಲ

ಪಹಣಿಯ 11ನೆಯ ಕಾಲಮಿನಲ್ಲಿ ಸಂಘದ ಅಥವಾ ಬ್ಯಾಂಕಿನ ಬೋಜಾ ದಾಖಲಾಗಿದ್ದರೆ ಆ ಸಾಲಕ್ಕೆ ದಿವಾಳಿ ಹುಕುಂ ಅಡ್ಡ ಬರುವುದಿಲ್ಲ. ಭದ್ರತೆ ಹೊಂದಿದ ಸಾಲ ಕೊಟ್ಟವನು ತನ್ನ ಭದ್ರತೆಯನ್ನು ಮಾರಿ ವಸೂಲು ಮಾಡಿಕೊಳ್ಳುವ ಹಕ್ಕು ಹಾಗೆಯೇ ಇರುತ್ತದೆ. ಸಾಲದಷ್ಟು ಬಾರದೆ ಹೋದರೆ ಉಳಿದದ್ದಕ್ಕೆ ಮಾತ್ರ ಅವನು ಇತರರ ಸಾಲಿನಲ್ಲಿ ನಿಲ್ಲುತ್ತಾನೆ. ಇದು ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ದಿವಾಳಿಯಿಂದ ಹಗುರಾಗುವುದು ಕೈಗಡ, ಪ್ರೋನೋಟು, ಅಂಗಡಿ ಬಾಕಿ, ಜಾಮೀನಿನ ಹೊರೆ ಇಂಥವು. ತೋಟದ ಮೇಲಿನ ಸಾಲ ತೋಟದ ಮೇಲೇ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕೆಗಳು ಪಾಠಕ್ಕಾಗಿ ಹಾಕಿಕೊಂಡವು, ಪೇಟೆಯ ದರವಲ್ಲ. ಒಬ್ಬ ಬೆಳೆಗಾರರಿಗೆ 1 ಎಕರೆ ತೋಟ, ಊರಿನಲ್ಲಿ ವಾಸದ ಮನೆ, ಶಿರಸಿಯಲ್ಲಿ ಬಾಡಿಗೆಗೆ ಕೊಟ್ಟ ಸಣ್ಣ ಮನೆ ಇದೆ. ತೋಟದ ಮೇಲೆ ಸಂಘದ ಸಾಲ ಬಡ್ಡಿ ಸೇರಿ 20 ಲಕ್ಷ. ಕೈಗಡ ಮತ್ತು ಪ್ರೋನೋಟಿನ ಸಾಲ 12 ಲಕ್ಷ, ಭಾವನೆಂಟನಿಗೆ ಹಾಕಿದ ಜಾಮೀನಿನಿಂದ ಬಂದದ್ದು 5 ಲಕ್ಷ. ತೋಟಕ್ಕೆ 30 ಲಕ್ಷ, ಶಿರಸಿ ಮನೆಗೆ 10 ಲಕ್ಷ ಬಂದರೆ, ಸಂಘದ 20 ಕಳೆದು ತೋಟದಲ್ಲಿ 10, ಮನೆಯ 10, ಒಟ್ಟು 20 ಲಕ್ಷ. ರಿಸೀವರನ ಹಾಗೂ ಕೋರ್ಟಿನ ಖರ್ಚು 1 ಲಕ್ಷ ಕಳೆದರೂ 17 ಲಕ್ಷದ ಸಾಲ ಪೂರ್ತಿ ತೀರಿ 2 ಲಕ್ಷ ಮಿಕ್ಕಿತು. ಮಿಕ್ಕದ್ದು ಸಾಲಗಾರನಿಗೇ ಮರಳುತ್ತದೆ. ಆದರೆ ಅವನ ಕೈಯಲ್ಲಿ ತೋಟವೂ ಇಲ್ಲ, ಬಾಡಿಗೆಯೂ ಇಲ್ಲ. ನಿಜವಾಗಿ ಇವನು ದಿವಾಳಿಯೇ ಅಲ್ಲ. ಕೈಯಲ್ಲಿ ರೊಕ್ಕವಿಲ್ಲದವನು ಅಷ್ಟೇ. ಕೋರ್ಟಿಗೆ ಹೋಗುವ ಮೊದಲು ಇವನೇ ಗಿರಾಕಿ ಹುಡುಕಿ ಶಿರಸಿ ಮನೆಯನ್ನು ಮಾರಿ, ಕೈಗಡದವರನ್ನು ಕೂರಿಸಿ ಬಡ್ಡಿ ಬಿಡಿಸಿಕೊಂಡು, ಸಂಘದ ಸಾಲವನ್ನು ಕಂತಿಗೆ ಹಾಕಿಸಿಕೊಂಡಿದ್ದರೆ ತೋಟದ ಬಹುಭಾಗ ಉಳಿಯುತ್ತಿತ್ತು. ನಮ್ಮ ಅನುಭವದಲ್ಲಿ ಪಾಪರ್ ಮಾತಾಡುವವರಲ್ಲಿ ಹೆಚ್ಚಿನವರು ಈ ವರ್ಗದವರು.

ಈಗ ಅದೇ ತೋಟ ರೋಗ ಹಿಡಿದು 20 ಲಕ್ಷಕ್ಕೆ ಇಳಿಯಿತು ಎನ್ನಿ. ಅಷ್ಟನ್ನೂ ಸಂಘವೇ ಒಯ್ದಿತು. ಮಿಕ್ಕವರಿಗೆ ಶಿರಸಿ ಮನೆಯ 10 ಲಕ್ಷದಲ್ಲಿ ಖರ್ಚು ಕಳೆದು 9. ಇದನ್ನು 17 ಲಕ್ಷಕ್ಕೆ ಹಂಚಿದರೆ ರೂಪಾಯಿಗೆ ಸುಮಾರು 53 ಪೈಸೆ. ಈ 53 ಪೈಸೆಗೂ ಒಂದು ಅರ್ಥವಿದೆ, ಕೆಳಗೆ ಹೇಳುತ್ತೇವೆ.

ಬ್ಯಾಂಕಿನವರು ಕೋರ್ಟಿಗೆ ಹೋಗದೆ ನೋಟೀಸು ಕೊಟ್ಟು ಆಸ್ತಿ ವಶಪಡಿಸಿಕೊಳ್ಳುವ 2002ರ ಸರ್ಫೇಸಿ ಕಾಯಿದೆಯಿಂದ ಕೃಷಿ ಭೂಮಿಗೆ ವಿನಾಯಿತಿ ಇದೆ. ಶಿರಸಿಯ ಮನೆಗೆ ಆ ವಿನಾಯಿತಿ ಇಲ್ಲ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಹಕಾರಿ ಬ್ಯಾಂಕುಗಳೂ ಆ ಕಾಯಿದೆಯನ್ನು ಬಳಸಬಹುದು.

ಅವಿಭಕ್ತ ಕುಟುಂಬದಲ್ಲಿ

ನಮ್ಮಲ್ಲಿ ತೋಟ ಬಹಳ ಕಡೆ ಹಿರಿಯರಿಂದ ಬಂದದ್ದು. ಪಹಣಿಯಲ್ಲಿ ಯಜಮಾನನ ಒಬ್ಬನ ಹೆಸರಿರಬಹುದು. ಯಜಮಾನ ದಿವಾಳಿಯಾದರೆ ಅವನ ಪಾಲು ರಿಸೀವರನಿಗೆ ಸೇರುತ್ತದೆ, ಇಡೀ ತೋಟವಲ್ಲ. ತಾಯಿಯ ಹಕ್ಕಿನ ಮಾತನ್ನು ಬದಿಗಿಟ್ಟು ಹೇಳುವುದಾದರೆ, ತಂದೆ, ಒಬ್ಬ ಮಗ, ಒಬ್ಬ ಮಗಳು ಇದ್ದಲ್ಲಿ ತಂದೆಯ ಮೂರನೆಯ ಒಂದು ಪಾಲು. ಮಗಳ ಪಾಲು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಬಂದದ್ದು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಏನೂ ಇಲ್ಲ ಎಂದು ಇನ್ನೂ ಹೇಳುವ ಹಿರಿಯರಿದ್ದಾರೆ. ಸಾಲ ಮನೆ ಬಾಗಿಲಿಗೆ ಬಂದಾಗ ಆ ಮಗಳ ಪಾಲೇ ತೋಟದಲ್ಲಿ ಉಳಿಯುವ ಭಾಗವಾದೀತು.

ಇದಕ್ಕೆ ಒಂದು ದೊಡ್ಡ ‘ಆದರೆ’ ಇದೆ. ಯಜಮಾನನು ಕುಟುಂಬದ ಅಗತ್ಯಕ್ಕಾಗಿ ಮಾಡಿದ ಸಾಲಕ್ಕೆ ಕುಟುಂಬದ ಆಸ್ತಿಯನ್ನೆಲ್ಲ ಮಾರುವ ಅಧಿಕಾರ ಅವನಿಗೆ ಇರುತ್ತದೆ. ದಿವಾಳಿ ಕಾಯಿದೆಗೆ 1948ರಲ್ಲಿ ಸೇರಿಸಿದ 28ಎ ಕಲಮಿನಿಂದ ಆ ಅಧಿಕಾರವೂ ರಿಸೀವರನ ಕೈಗೆ ಬರುತ್ತದೆ. ತೋಟದ ಕಾಲುವೆ, ಗಿಡ, ಮನೆಯವರ ಔಷಧೋಪಚಾರ ಇವುಗಳಿಗೆ ಮಾಡಿದ ಸಾಲವಾದರೆ ಎಲ್ಲರ ಪಾಲಿಗೂ ತಾಗಬಹುದು. ತಂದೆ ತನ್ನ ಸ್ವಂತ ವ್ಯಾಪಾರಕ್ಕೆ ಮಾಡಿದ ಸಾಲವಾದರೆ ಅವನ ಪಾಲಿಗೆ ಮಾತ್ರ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ನಿಯಮವನ್ನು ಕೋರ್ಟುಗಳು 2005ರ ಸೆಪ್ಟೆಂಬರ್ 9ರ ಅನಂತರ ಮಾಡಿದ ಸಾಲಗಳಿಗೆ ಅನ್ವಯಿಸುವಂತಿಲ್ಲ. ಆದ್ದರಿಂದ ಯಾವ ಸಾಲ ಯಾವಾಗ, ಯಾತಕ್ಕೆ ಎಂಬ ಚೀಟಿಗಳನ್ನು ಇಟ್ಟುಕೊಳ್ಳುವುದು ಮಕ್ಕಳ ಹಿತಕ್ಕೇ. ಹೆಂಡತಿಯ ಸ್ವಂತ ಗಳಿಕೆ, ತವರಿನಿಂದ ಬಂದದ್ದು, ಅವರ ಸ್ತ್ರೀಧನ ಇವು ಗಂಡನ ಸಾಲಕ್ಕೆ ಬರುವುದಿಲ್ಲ. ಸಾಲಪತ್ರಕ್ಕೆ ಅವರೂ ಸಹಿ ಹಾಕಿದ್ದರೆ ಆ ಮಾತು ಬೇರೆ.

ಹೆಂಡತಿಯ ಹೆಸರಿಗೆ ಮಾಡಿಟ್ಟರೆ?

ಈಗ ಎಲ್ಲರೂ ಕೇಳುವ ಪ್ರಶ್ನೆ. ಸಾಲದವರು ಬರುವ ಮೊದಲು ದಾನಪತ್ರವನ್ನೋ, ಹೆಸರಿಗೆ ಮಾತ್ರದ ಖರೀದಿ ಪತ್ರವನ್ನೋ ಮಾಡಿ ಹೆಂಡತಿ, ಮಗ, ತಮ್ಮ ಇವರ ಹೆಸರಿಗೆ ತೋಟ ವರ್ಗ ಮಾಡಿಬಿಡುವುದು.

ಪುಕ್ಕಟೆಯಾಗಿ ಅಥವಾ ಪ್ರಾಮಾಣಿಕವಲ್ಲದ ಬೆಲೆಗೆ ಮಾಡಿದ ವರ್ಗಾವಣೆಯ ತಾರೀಖಿನಿಂದ 2 ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದು ಹುಕುಮಾದರೆ, ರಿಸೀವರನ ಕೋರಿಕೆಯ ಮೇಲೆ ಕೋರ್ಟು ಅದನ್ನು ರದ್ದು ಮಾಡಬಹುದು. ಇದು 53ನೆಯ ಕಲಮು. ಮದುವೆಗೆ ಮೊದಲು ಮದುವೆಯ ಕಾರಣಕ್ಕಾಗಿಯೇ ಮಾಡಿಕೊಟ್ಟದ್ದಕ್ಕೆ ಮತ್ತು ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರಿಗೆ ಇದು ತಾಗುವುದಿಲ್ಲ. ಹಾಗಾದರೆ ಎರಡು ವರ್ಷ ಸುಮ್ಮನಿದ್ದರೆ ಆಯಿತಲ್ಲ ಎನ್ನಬಹುದು. ಆಗುವುದಿಲ್ಲ. ಸಾಲ ಕೊಟ್ಟವರನ್ನು ವಂಚಿಸುವ ಅಥವಾ ಅವರಿಗೆ ತಡೆಯೊಡ್ಡುವ ಉದ್ದೇಶದ ವರ್ಗಾವಣೆಯನ್ನು ರದ್ದು ಮಾಡಿಸಲು ಆಸ್ತಿ ವರ್ಗಾವಣೆ ಕಾಯಿದೆಯ 53ನೆಯ ಕಲಮು ಬೇರೆಯೇ ಇದೆ. ಅಲ್ಲಿ ಈ ಎರಡು ವರ್ಷದ ಗೆರೆ ಇಲ್ಲ. ಎರಡು ಕಾಯಿದೆಗಳಲ್ಲೂ ಒಂದೇ ನಂಬರು ಬಂದದ್ದು ಕಾಕತಾಳೀಯ. ನೆನಪಿಡಲು ಮಾತ್ರ ಅನುಕೂಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಾಲ ಕೊಟ್ಟವನು ಸುಮ್ಮಸುಮ್ಮನೆ ದಿವಾಳಿ ಅರ್ಜಿ ಹಾಕುವಂತಿಲ್ಲ. ಸಾಲಗಾರ ‘ದಿವಾಳಿತನದ ಕೃತ್ಯ’ ಒಂದನ್ನು ಮಾಡಿರಬೇಕು, ಅದಾದ 3 ತಿಂಗಳೊಳಗೆ ಅರ್ಜಿ ಬೀಳಬೇಕು. ಸಾಲಿನವರಿಗೆ ತಪ್ಪಿಸಲೆಂದು ಆಸ್ತಿ ವರ್ಗ ಮಾಡುವುದು, ಮನೆ ಬಿಟ್ಟು ತಲೆಮರೆಸಿಕೊಳ್ಳುವುದು, ‘ಇನ್ನು ಕೊಡಲಾರೆ’ ಎಂದು ನೋಟೀಸು ಕೊಡುವುದು ಇವೆಲ್ಲ ಅಂಥ ಕೃತ್ಯಗಳು. ತೋಟ ಉಳಿಸಲು ಮಾಡಿದ ದಾನಪತ್ರವೇ ಎದುರಾಳಿಯ ಕೈಗೆ ಕೊಟ್ಟ ಆಯುಧವಾಗುತ್ತದೆ. ತಂದೆ ತನ್ನ ಪಾಲಿಗೆ ಕಲ್ಲುಜಾಗ ಇಟ್ಟುಕೊಂಡು ಮಕ್ಕಳಿಗೆ ತೋಟ ಬರೆದ ಪಾಲುಪತ್ರದ ಗತಿಯೂ ಇದೇ ಆಗಬಹುದು. ಕೋರ್ಟು ಕಾಗದದ ಹೆಸರನ್ನು ನೋಡುವುದಿಲ್ಲ, ತಿರುಳನ್ನು ನೋಡುತ್ತದೆ. ಹಾಗೆಯೇ ಇದ್ದಷ್ಟು ರೊಕ್ಕವನ್ನು ತಮಗೆ ಬೇಕಾದ ಒಬ್ಬ ನೆಂಟನ ಸಾಲಕ್ಕೆ ಪೂರ್ತಿ ಕೊಟ್ಟು ಉಳಿದವರಿಗೆ ಕೈಯೆತ್ತಿದರೆ, 3 ತಿಂಗಳೊಳಗೆ ಅರ್ಜಿ ಬಿದ್ದಲ್ಲಿ ಆ ಪಾವತಿಯೂ ರದ್ದಾಗಬಲ್ಲದು.

ಒಂದು ದಾರಿ ಕಾನೂನುಬದ್ಧವಾಗಿಯೇ ಇದೆ, ಅದು ಸಾಲಗಾರನದಲ್ಲ, ಅವನ ಹಿರಿಯರದು. ಬಿಡುಗಡೆಯಾಗದ ದಿವಾಳಿಗೆ ಆಮೇಲೆ ಬರುವ ಆಸ್ತಿಯೂ ಬಂದ ಕೂಡಲೆ ರಿಸೀವರನಿಗೆ ಸೇರುತ್ತದೆ. ಅಜ್ಜ ತನ್ನ ಸ್ವಯಾರ್ಜಿತ ತೋಟವನ್ನು ಅಂಥ ಮಗನಿಗೆ ಮೃತ್ಯುಪತ್ರದಲ್ಲಿ ಬರೆದಿಟ್ಟು ತೀರಿಕೊಂಡರೆ ಅದು ಸಾಲದವರ ಪಾಲು. ಅದನ್ನೇ ಸೊಸೆಗೋ ಮೊಮ್ಮಕ್ಕಳಿಗೋ ಬರೆದರೆ ಯಾರೂ ಪ್ರಶ್ನಿಸುವಂತಿಲ್ಲ. ತನ್ನದನ್ನು ಯಾರಿಗೆ ಕೊಡಬೇಕೆಂಬುದು ಅಜ್ಜನ ಇಚ್ಛೆ. ಮೃತ್ಯುಪತ್ರ ಬರೆದಿಟ್ಟಿರುವ ಹಿರಿಯ ಸದಸ್ಯರು ಅದನ್ನು ಒಮ್ಮೆ ತೆಗೆದು ನೋಡಲಿ.

ಕೊಳ್ಳುವವರಿಗೆ ಎರಡು ಮಾತು

ಅರ್ಜಿಯ ಸುದ್ದಿ ತಿಳಿಯದೆ, ಹುಕುಮಾಗುವ ಮೊದಲು, ಬೆಲೆ ಕೊಟ್ಟು ಕೊಂಡವನಿಗೆ ಕಾಯಿದೆ ರಕ್ಷಣೆ ಕೊಡುತ್ತದೆ. ಆದರೆ ತಿಳಿದಿರಲಿಲ್ಲ ಎಂದು ವಾದ ಮಾಡುವ ಪ್ರಸಂಗವೇ ಏಕೆ? ನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ನೋಂದಾಯಿತ ಪತ್ರಗಳು ಕಾಣುತ್ತವೆ. ಕೋರ್ಟಿನಲ್ಲಿ ಬಿದ್ದಿರುವ ದಿವಾಳಿ ಅರ್ಜಿ ಅದರಲ್ಲಿ ಕಾಣುತ್ತದೆಂಬ ಭರವಸೆ ಇಲ್ಲ. ದಿವಾಳಿ ಹುಕುಮು ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ, ನಮ್ಮಲ್ಲಿ ಗೆಜೆಟ್ ಓದುವವರು ಎಷ್ಟು ಜನ? ಮಾರುವವರ ಹೆಸರಿನಲ್ಲಿ ಜಿಲ್ಲೆಯ ಕೋರ್ಟುಗಳಲ್ಲಿ ಏನಿದೆ ಎಂಬುದನ್ನು ಈಗ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ವಕೀಲರಿಂದ ಹುಡುಕಿಸಬಹುದು. ಬೆಲೆ ಅನುಮಾನ ಬರುವಷ್ಟು ಅಗ್ಗವಾಗಿದ್ದರಂತೂ ಹುಡುಕಿಸಲೇಬೇಕು. ರಿಸೀವರನಿಂದಲೇ ಕೊಳ್ಳುವುದಾದರೆ, ಮುಂದೆ ದಿವಾಳಿ ಹುಕುಂ ರದ್ದಾದರೂ ಅದಕ್ಕೆ ಮೊದಲು ಅವನು ಸರಿಯಾಗಿ ಮಾಡಿದ ಮಾರಾಟ ಊರ್ಜಿತವೇ. 2020ರಲ್ಲಿ ಭೂ ಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಗಿದೆ. ಹರಾಜಿನಲ್ಲಿ ಬೆಲೆ ಏರಿದರೆ ಸಾಲಗಾರನಿಗೆ ಒಳ್ಳೆಯದು. ನೆರೆಯ ತೋಟ ನಮಗೇ ಬರಲೆಂದು ಕಾಯುವವರಿಗೆ ಅಲ್ಲ.

ಗೇಣಿ, ಬಾಡಿಗೆ

ಅಡಿಕೆ ತೋಟವನ್ನು ಗೇಣಿಗೆ ಕೊಡುವುದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಯಾರಿಗೂ ಸಾಧ್ಯವಿಲ್ಲ, ದಿವಾಳಿಗೂ ಇಲ್ಲ, ರಿಸೀವರನಿಗೂ ಇಲ್ಲ. ಮರದ ಮೇಲಿನ ಫಸಲನ್ನು ಗುತ್ತಿಗೆಗೆ ಕೊಡುವುದು ಗೇಣಿಯಲ್ಲ, ಬೆಳೆಯ ಮಾರಾಟ. ಅರ್ಜಿ ಬಿದ್ದ ಮೇಲೆ ಆ ಮಾರಾಟವನ್ನೂ ಸ್ವಂತಕ್ಕೆ ಮಾಡುವಂತಿಲ್ಲ. ಬೆಳೆಯ ಮೇಲೆ ಸಂಘದ ಸಾಲಕ್ಕೆ ಮೊದಲ ಹಕ್ಕು ಇರುವುದನ್ನೂ ಮರೆಯಬಾರದು.

ಪೇಟೆಯ ಮನೆಯ ಬಾಡಿಗೆ ಹುಕುಮಾದ ಮೇಲೆ ರಿಸೀವರನಿಗೆ ಸಲ್ಲುತ್ತದೆ. ಬಾಡಿಗೆದಾರ ಅದನ್ನು ತಿಳಿದ ಮೇಲೂ ಹಳೆಯ ಮಾಲಿಕನಿಗೇ ಕೊಡುತ್ತ ಹೋದರೆ ಎರಡನೆಯ ಸಲ ಕೊಡಬೇಕಾದೀತು. ಬಾಡಿಗೆದಾರನೇ ದಿವಾಳಿಯಾದರೆ, ಕರಾರಿನಲ್ಲಿ ಹಾಗೆಂದು ಬರೆದಿದ್ದಲ್ಲಿ ಮಾತ್ರ ಮಾಲಿಕ ಆ ಕಾರಣಕ್ಕಾಗಿ ಮನೆ ಮರಳಿ ಪಡೆಯಬಹುದು. ಶಿರಸಿಯಲ್ಲಿ ಮಳಿಗೆ ಬಾಡಿಗೆಗೆ ಕೊಟ್ಟಿರುವ ಸದಸ್ಯರು ಮುಂದಿನ ಕರಾರಿನಲ್ಲಿ ಆ ಒಂದು ಸಾಲನ್ನು ಹಾಕಿಸಿಕೊಳ್ಳಬಹುದು.

ಬಿಡುಗಡೆ

ಹುಕುಮಿನಲ್ಲಿ ಕೋರ್ಟು ಒಂದು ಅವಧಿ ಹೇಳುತ್ತದೆ. ಅದರೊಳಗೆ ಬಿಡುಗಡೆಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ದಿವಾಳಿ ಹುಕುಮೇ ರದ್ದಾಗಿ ಸಾಲದವರೆಲ್ಲ ಮತ್ತೆ ಬಾಗಿಲಿಗೆ ಬರುತ್ತಾರೆ. ಆಸ್ತಿಯಿಂದ ಬಂದದ್ದು ಭದ್ರತೆಯಿಲ್ಲದ ಸಾಲಗಳ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಪೂರ್ಣ ಬಿಡುಗಡೆ ಸಿಗುವುದಿಲ್ಲ. ಮೇಲಿನ ಲೆಕ್ಕದ 53 ಪೈಸೆ ಆ ಗೆರೆಯನ್ನು ಸ್ವಲ್ಪದರಲ್ಲಿ ದಾಟಿದೆ. ದಾಟದಿದ್ದರೂ, ಈ ಕೊರತೆ ತನ್ನ ತಪ್ಪಿನಿಂದ ಆದದ್ದಲ್ಲ ಎಂದು ಕೋರ್ಟಿಗೆ ಮನಗಾಣಿಸಲು ಅವಕಾಶವಿದೆ. ಕೊಳೆ, ಎಲೆಚುಕ್ಕೆ ಬಂದು ಫಸಲು ಹೋದದ್ದಕ್ಕೆ ಆ ವರ್ಷಗಳ ಸಂಘದ ಮಾರಾಟ ಪಟ್ಟಿ, ಬೆಳೆವಿಮೆಯ ಕಾಗದ ಇದ್ದರೆ ಮಾತಿಗೆ ತೂಕ ಬರುತ್ತದೆ. 2003-04ರಲ್ಲಿ ವೆನಿಲ್ಲಾ ದರ ನೋಡಿ ಸಾಲ ಮಾಡಿ ಬಳ್ಳಿ ಹಬ್ಬಿಸಿದಂಥ ಸಾಹಸವನ್ನು ಕೋರ್ಟು ಅದೇ ಕಣ್ಣಿನಿಂದ ನೋಡುತ್ತದೆಯೇ ಎಂಬುದು ಸಂಶಯ.

ಬಿಡುಗಡೆಯಾದರೂ ಸರಕಾರಕ್ಕೆ ಕೊಡಬೇಕಾದದ್ದು, ಮೋಸದಿಂದ ಪಡೆದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ಉಳಿಯುತ್ತವೆ. ಜಾಮೀನುದಾರರೂ ಬಿಡುಗಡೆಯಾಗುವುದಿಲ್ಲ. ಕಾಯಿದೆ ಇದನ್ನು ಬಿಚ್ಚಿ ಹೇಳಿದೆ. ಸಾಲಗಾರನ ಕಣ್ಣೆದುರಿಗೇ ಹೊರೆ ಅವನಿಗಾಗಿ ಸಹಿ ಹಾಕಿದ ನೆರೆಯವನ ಹೆಗಲಿಗೆ ಹೋಗುತ್ತದೆ. ಸಂಘದಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ಪಡೆಯುವ ನಮ್ಮಲ್ಲಿ, ಒಬ್ಬರ ಪಾಪರ್ ಅರ್ಜಿ ಇಬ್ಬರ ತೋಟದ ಮೇಲೆ ಬೀಳುವುದು ಹೀಗೆ.

ಬಿಡುಗಡೆಯಾಗುವ ತನಕ, ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚಿನ ಉದ್ದರಿ ಪಡೆದರೆ 6 ತಿಂಗಳ ತನಕ ಶಿಕ್ಷೆಯಾಗಬಹುದು. ಇಂದಿನ ದಿನದಲ್ಲಿ ಅದು ಒಂದು ಸೇರು ಸಕ್ಕರೆಯ ಉದ್ದರಿ. ಗ್ರಾಮ ಪಂಚಾಯತಿಯಂಥ ಸ್ಥಳೀಯ ಸಂಸ್ಥೆಗೆ ಆಯ್ಕೆಯಾಗುವಂತಿಲ್ಲ, ಸಹಕಾರಿ ಸಂಘದಲ್ಲಿ ಹೊಸ ಸದಸ್ಯತ್ವವೂ ಸಿಗುವುದಿಲ್ಲ. ಸಂಘದಲ್ಲಿರುವ ಹಳೆಯ ಷೇರು ಮಾತ್ರ ಹೊರಗಿನ ಸಾಲಕ್ಕೆ ಜಪ್ತಿಯಾಗುವುದಿಲ್ಲ. 1912ರ ಸಹಕಾರಿ ಕಾಯಿದೆಯಲ್ಲೇ ಆ ರಕ್ಷಣೆ ಇತ್ತು.

ಬೇರೆ ದಾರಿ

ಈ ಸೀಮೆಯ ಹಿರಿಯರು ಸಾಲವನ್ನು ಕಂಡವರೇ. ಅಡಿಕೆ ಬೆಳೆಗಾರ ದಲಾಲಿಯ ಮುಂಗಡಕ್ಕೆ ಸಿಕ್ಕಿ ಒದ್ದಾಡುತ್ತಿದ್ದ ಕಾಲದಲ್ಲಿ, 1920ರಲ್ಲಿ ಜಿಲ್ಲೆಯ ಮಧ್ಯವರ್ತಿ ಸಹಕಾರಿ ಬ್ಯಾಂಕು, 1923ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸಾಯಿಟಿ ಹುಟ್ಟಿದವು. ಅದೇ 1920ರಲ್ಲಿ ದಿವಾಳಿ ಕಾಯಿದೆಯೂ ಬಂತು. ನಮ್ಮವರು ಹಿಡಿದದ್ದು ಮೊದಲನೆಯ ದಾರಿಯನ್ನು. 1939ರ, ಆಮೇಲೆ 1947ರ ಮುಂಬಯಿ ಕೃಷಿ ಋಣ ಪರಿಹಾರ ಕಾಯಿದೆಗಳಲ್ಲಿ ಸಾಲದ ಲೆಕ್ಕ ತೆಗೆದು, ಕಡಿತ ಮಾಡಿ, ವಾರ್ಷಿಕ ಕಂತಿಗೆ ಇಳಿಸುವ ಏರ್ಪಾಡಿತ್ತು. ಕರ್ನಾಟಕದ 2018ರ ಋಣ ಪರಿಹಾರ ಕಾಯಿದೆ 2019ರಲ್ಲಿ ಜಾರಿಗೆ ಬಂದು ಸಣ್ಣ ರೈತರ ಖಾಸಗಿ ಸಾಲಗಳಿಗೆ ಒಂದು ಸಲದ ಪರಿಹಾರ ಕೊಟ್ಟಿತು. ಬ್ಯಾಂಕು, ಸಹಕಾರಿ ಸಂಘಗಳ ಸಾಲಕ್ಕೆ ಅದು ತಾಗಲಿಲ್ಲ.

ದಿವಾಳಿ ಕಾಯಿದೆಯ ಒಳಗೇ ರಾಜಿಯ ಕಲಮು ಇದೆ. ಸಾಲ ಸಿದ್ಧಪಡಿಸಿ ಹಾಜರಾದವರಲ್ಲಿ ತಲೆಯೆಣಿಕೆಯಿಂದ ಹೆಚ್ಚಿನವರೂ, ಸಾಲದ ಮೊತ್ತದಿಂದ ನಾಲ್ಕರಲ್ಲಿ ಮೂರು ಪಾಲಿನವರೂ ಒಪ್ಪಿ, ಕೋರ್ಟೂ ಒಪ್ಪಿದರೆ ಆ ರಾಜಿ ಎಲ್ಲರಿಗೂ ಬಂಧನಕಾರಿ. ಒಪ್ಪದೆ ಹಟ ಹಿಡಿಯುವ ಒಬ್ಬಿಬ್ಬರಿಂದ ಇಡೀ ಮಾತುಕತೆ ಮುರಿದುಬೀಳುತ್ತಿರುವಾಗ ಮಾತ್ರ ಕೋರ್ಟಿಗೆ ಹೋಗುವುದರಲ್ಲಿ ಅರ್ಥವಿದೆ ಎಂಬುದು ನಮ್ಮ ಅಭಿಪ್ರಾಯ. ಕೈಗಡ ವಿಪರೀತವಾಗಿದ್ದು, ತೋಟದ ಬೆಲೆಯೆಲ್ಲ ಬೋಜಾಕ್ಕೇ ಸರಿಹೋಗಿ, ವಾಸದ ಮನೆ ಅಡವಿಲ್ಲದೆ ಸ್ವಚ್ಛವಾಗಿರುವವರಿಗೂ ಅದು ಉಪಯೋಗಕ್ಕೆ ಬಂದೀತು. ಮಿಕ್ಕವರಿಗೆ ಒಂದಾವರ್ತಿ ತೀರುವಳಿ, ಕಂತು ಬದಲಾವಣೆ, ತೋಟದ ಒಂದು ಬದಿಯನ್ನು ತಾವೇ ಒಳ್ಳೆಯ ಬೆಲೆಗೆ ಮಾರುವುದು, ಇವೇ ಲೇಸು. ಸಾಲ ತೀರಿಸಲು ನಿಜವಾದ ಬೆಲೆಗೆ ಮಾಡಿದ ಮಾರಾಟವನ್ನು ಯಾವ 53ನೆಯ ಕಲಮೂ ಮುಟ್ಟುವುದಿಲ್ಲ.

ಮಾತಾಡಲು ಬರುವ ಸದಸ್ಯರು ಹೊಸ ಪಹಣಿ, ಪಾಲುಪತ್ರ ಇದ್ದರೆ ಅದು, ಎಲ್ಲ ಸಾಲಗಳ ಪಟ್ಟಿ ಅವುಗಳ ತಾರೀಖಿನ ಸಮೇತ, ತಾವು ಜಾಮೀನು ಹಾಕಿದ ಸಾಲಗಳ ಪಟ್ಟಿ ಬೇರೆಯಾಗಿ, ಮತ್ತು ಮೂರು ವರ್ಷದ ಮಾರಾಟ ಪಟ್ಟಿ ತರಬೇಕು. ನೋಂದಣಿ ಕಚೇರಿಗೆ ಹೋಗುವ ವಿಚಾರವಿದ್ದರೆ ಅದಕ್ಕೆ ಮೊದಲು ಬರಬೇಕು; ಆಮೇಲೆ ಬಂದರೆ ನಮ್ಮಿಂದಾಗಲಿ ವಕೀಲರಿಂದಾಗಲಿ ಆಗುವುದು ಸ್ವಲ್ಪ.